ಸಮುದ್ರ ಬೇಸಿಗೆಯಲ್ಲಿ ಬತ್ತುವುದಿಲ್ಲ

ಮೇಲೂರು ಶಾಲೆಯ ಅನಂತರಾಮಯ್ಯ ಮೇಷ್ಟ್ರು ಮೊನ್ನೆ ಸೋಮವಾರ ತೀರಿಕೊಂಡರು. ಸಾವಿರದ ಒಂಬೈನೂರ ಐವತ್ತಾರರಲ್ಲಿ ಮೈಸೂರು ರಾಜ್ಯಕ್ಕೆ ಕರಾವಳಿ ಸೇರಿದಾಗ ಅವರು ಸಮುದ್ರವನ್ನೇ ಕಾಣದೆ ಅದರ ಪಾಠ ಮಾಡಬೇಕಾಯಿತು. ಸಮುದ್ರದ ನೀರು ಏರಿ ಇಳಿಯುತ್ತದೆ ಎಂದು ಪುಸ್ತಕದಲ್ಲಿತ್ತು. ನಮ್ಮ ಕೆರೆಯ ಹಾಗೆ ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಬತ್ತುತ್ತದೆಂದು ಅವರು ಮಕ್ಕಳಿಗೆ ವಿವರಿಸಿದರು.

ಈ ವರ್ಷ, ಅರವತ್ತನಾಲ್ಕರ ಏಪ್ರಿಲ್‌ನಲ್ಲಿ ಹೊನ್ನಾವರಕ್ಕೆ ಹೋದಾಗ, ಬೆಳಿಗ್ಗೆ ಬರೀ ಮರಳಿದ್ದ ಕಡೆ ಮಧ್ಯಾಹ್ನ ಸೊಂಟದ ಮಟ್ಟ ನೀರು ನೋಡಿ ಬೆಚ್ಚಿದರು. ಎಂಟು ವರ್ಷ ತಪ್ಪು ಕಲಿಸಿದೆನಲ್ಲ ಎಂಬ ಕೊರಗು ಹತ್ತಿತು. ಊರಿಗೆ ಬಂದವರೇ ಹಳೆಯ ವಿದ್ಯಾರ್ಥಿಗಳ ಮನೆಮನೆಗೆ ಹೋಗಿ ತಿದ್ದತೊಡಗಿದರು. ತೀರಿಕೊಳ್ಳುವ ಹಿಂದಿನ ದಿನ, ಭಾನುವಾರ ಸಂಜೆ, ರೇಷ್ಮೆ ನೂಲು ತೆಗೆಯುತ್ತಿದ್ದ ಶ್ಯಾಮಲಮ್ಮನ ಸರದಿ.

“ದಿನಕ್ಕೆರಡು ಸಲ ಏರಿ ಇಳಿಯುತ್ತೆ ಕಣಮ್ಮ. ನಾನು ತಪ್ಪು ಹೇಳ್ಕೊಟ್ಟಿದ್ದೆ.”

“ಹಂಗಾದ್ರೆ ಬೇಸಿಗೇಲಿ ನಮ್ಮ ಬತ್ತಿದ ಕೆರೆ ಅಂಗಳದಂಗೆ ಅಲ್ಲಿ ಸೌತೆ ಬಿತ್ತಕ್ಕಾಗಲ್ವಾ ಮೇಷ್ಟ್ರೇ?” ಎಂದು ಅವಳು ನಕ್ಕಳು.

ಮೇಷ್ಟ್ರು ನಗಲಿಲ್ಲ. ಸರಿಯಾದ ಪಾಠವನ್ನು ಅವಳಿಂದ ಎರಡು ಸಲ ಒಪ್ಪಿಸಿಕೊಂಡೇ ಹೊರಟರು.