ರಜೆ ಹಾಕದ ಮೇಷ್ಟ್ರು

ನಮ್ಮ ವಿಶ್ವವಿದ್ಯಾಲಯದಲ್ಲಿ ಜ್ವರದ ಕಾಲ ಶುರುವಾಯಿತೆಂದರೆ, ಪಕ್ಕದ ಕೊಠಡಿಯಲ್ಲಿ ಪಾಠ ಮಾಡುವ ನನಗೆ ರೋಗಕ್ಕಿಂತ ಗಣಿತದ ಮೇಷ್ಟ್ರ ಭಯವೇ ಹೆಚ್ಚು. ‘ಕೆಮ್ಮು, ನೆಗಡಿ ಇದ್ದವರು ಮನೆಯಲ್ಲೇ ಇರಿ’ ಎಂಬ ನೋಟಿಸು ಬರೆದವರು ಅವರೇ; ಅದನ್ನು ಪ್ರತಿ ಬಾಗಿಲಿಗೂ ಕೆಮ್ಮುತ್ತಲೇ ಅಂಟಿಸಿಕೊಂಡು ಬಂದವರೂ ಅವರೇ. ಕೇಳಿದರೆ, “ಇದು ಕೆಮ್ಮಲ್ಲ ಕಣ್ರೀ, ಸೀಮೆಸುಣ್ಣದ ಧೂಳು” ಎನ್ನುತ್ತಾರೆ. ಅವರು ಸೀಮೆಸುಣ್ಣ ಮುಟ್ಟಿ ಮೂರು ವರ್ಷವಾಯಿತು, ಈಗ ಪಾಠವೆಲ್ಲ ಪರದೆಯ ಮೇಲೆ. ಮಾಸ್ಕ್ ಹಾಕುತ್ತಾರೆ, ಆದರೆ ಅದು ಕೊಳೆಯಾಗಬಾರದೆಂದು ಸೀನುವಾಗ ಗದ್ದಕ್ಕೆ ಇಳಿಸುತ್ತಾರೆ. ಮುಂದಿನ ಬೆಂಚಿನವರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರೆ, “ಈಗಿನ ಮಕ್ಕಳಿಗೆ ತ್ರಾಣವೇ ಇಲ್ಲ” ಎಂದು ಮರುಗುತ್ತಾರೆ. “ದಮ್ಮಯ್ಯ ಸಾರ್, ಮನೆಗೆ ಹೋಗಿ ಮಲಗಿ” ಎಂದು ಆಫೀಸಿನವರು ಗದರುತ್ತಾರೆ, ಲೈಬ್ರರಿಯ ಮೇಡಂ ಬಿಸಿನೀರಿನ ಲೋಟವನ್ನು ಅವರ ಮುಂದೆ ಕುಕ್ಕುತ್ತಾರೆ, ಜವಾನ ಗೊಣಗುತ್ತಾ ಕಿಟಕಿಗಳನ್ನೆಲ್ಲ ತೆರೆಯುತ್ತಾನೆ. ನಿನ್ನೆ ತಲೆ ಕೆಟ್ಟು ನಾನೇ ಅವರ ಚೀಲವನ್ನು ಕೈಗಿತ್ತು ಗೇಟಿನ ತನಕ ಅಟ್ಟಿಕೊಂಡು ಹೋದೆ. “ಎರಡು ದಿನ ಮನೇಲಿದ್ರೆ ನಿಮ್ಗೇನು ಕಷ್ಟ ಸಾರ್?” ಎಂದು ರೇಗಿದೆ. ಮೇಷ್ಟ್ರು ಮೊದಲ ಸಲ ಮಾಸ್ಕನ್ನು ಸರಿಯಾಗಿ ಮೂಗಿನ ಮೇಲಕ್ಕೆ ಏರಿಸಿದರು. “ಇಲ್ಲಿ ಒಂದ್ಸಲ ಕೆಮ್ಮಿದ್ರೆ ಹತ್ತು ಜನ ಬೈತೀರಿ. ನಮ್ಮನೆಯವಳು ಹೋದ್ಮೇಲೆ, ಅಲ್ಲಿ ದಿನವೆಲ್ಲ ಕೆಮ್ಮಿದ್ರೂ ಬೈಯೋರು ಯಾರಿದಾರೆ ಹೇಳಿ?”