ಒಲೆ ಹಚ್ಚುವ ಹಾಗಿಲ್ಲ

ಹಡಗಿನಲ್ಲಿ ಪ್ರಯಾಣಿಕರು ಒಲೆ ಹಚ್ಚುವ ಹಾಗಿಲ್ಲ ಎಂಬ ಒಂದೇ ಮಾತಿಗೆ ಚಲುವಮ್ಮ ದುಡ್ಡು ಕಟ್ಟಿದಳು. ಮಂಡ್ಯದ ಟ್ರಾವೆಲ್ಸ್ ಆಫೀಸಿನ ಹುಡುಗಿ ನಿಯಮಗಳನ್ನು ಓದಿ ಹೇಳುತ್ತಿದ್ದಳು. ಬೆಂಕಿಪೊಟ್ಟಣ ತರುವಂತಿಲ್ಲ, ಇಸ್ತ್ರಿಪೆಟ್ಟಿಗೆ ತರುವಂತಿಲ್ಲ, ಹೊರಗಿನ ಊಟ ತರುವಂತಿಲ್ಲ, ರೂಮಿನಲ್ಲಿ ಸ್ಟೌ ಹಚ್ಚುವಂತಿಲ್ಲ. ಪಕ್ಕದಲ್ಲಿ ಕೂತಿದ್ದ ಗಂಡ ಲಿಂಗಯ್ಯನ ಮುಖ ಒಂದೊಂದು ನಿಯಮಕ್ಕೂ ಚಿಕ್ಕದಾಗುತ್ತಿತ್ತು. ಚಲುವಮ್ಮ ಮಾತ್ರ, "ಆ ಕೊನೇದು ಇನ್ನೊಂದ್ಸಲ ಓದವ್ವ" ಎಂದಳು.

ಅವಳು ಹಲಗೂರಿನ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಬೆಳಿಗ್ಗೆ ಮನೆಯ ಒಲೆ, ಆಮೇಲೆ ಶಾಲೆಯ ಒಲೆ, ಸಂಜೆಗೆ ಮತ್ತೆ ಮನೆಯದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆಲವು ಮನೆಯವರು ಕೇರಿಯವಳ ಕೈಯಡುಗೆ ಬೇಡವೆಂದು ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸುತ್ತಿದ್ದರು. ಮಕ್ಕಳು ಡಬ್ಬಿಯನ್ನು ಬ್ಯಾಗಿನಲ್ಲೇ ಬಿಟ್ಟು, ತಟ್ಟೆ ಹಿಡಿದು ಸಾಲಿಗೆ ಬಂದು ನಿಂತ ಮೇಲೆ ದೊಡ್ಡವರೂ ಸುಮ್ಮನಾದರು. ವರ್ಷಕ್ಕೊಮ್ಮೆ ಶಾಲೆಯವರು ಮಕ್ಕಳನ್ನು ಮುತ್ತತ್ತಿಗೆ ಕರೆದೊಯ್ಯುತ್ತಾರೆ. ಮಕ್ಕಳು ನೀರಿಗೆ ಕಾಲು ಇಳಿಬಿಟ್ಟು ಕೂರುತ್ತವೆ, ಮೇಷ್ಟ್ರುಗಳು ಬಂಡೆಯ ಮೇಲೆ ನಿಂತು ಫೋಟೊ ಹೊಡೆಸಿಕೊಳ್ಳುತ್ತಾರೆ, ಚಲುವಮ್ಮ ಮೂರು ಕಲ್ಲು ಹೂಡಿ ಎಸರಿಡುತ್ತಾಳೆ. ಅಷ್ಟು ವರ್ಷ ಕಾವೇರಿಯನ್ನು ಅವಳು ಕಂಡದ್ದು ಪಾತ್ರೆ ತೊಳೆಯುವ ನೀರಾಗಿಯೇ.

ಹಡಗಿನ ದುಡ್ಡು ಅವಳ ತವರಿನದು. ಚಿಕ್ಕರಸಿನಕೆರೆ ಕಡೆ ಅವರ ಜಮೀನಿನ ಒಂದಂಚು ರಸ್ತೆಗೆ ಹೋಯಿತು. ಪರಿಹಾರ ಕೈಗೆ ಬರಬೇಕಾದರೆ ಹೆಣ್ಣುಮಕ್ಕಳೂ ಸಹಿ ಹಾಕಬೇಕಿತ್ತು. ಅಣ್ಣ ಮಹದೇವು ಅವಳನ್ನು ಮದ್ದೂರಿಗೆ ಕರೆಸಿ, ಸಹಿ ಹಾಕಿಸಿಕೊಂಡು, ಹೋಟೆಲಿನಲ್ಲಿ ಮಸಾಲೆದೋಸೆ ಕೊಡಿಸಿ, ಒಂದು ಕವರು ಕೈಗಿಟ್ಟ. "ಅರಿಸಿನ ಕುಂಕುಮಕ್ಕೆ ಇಟ್ಕಳವ್ವ" ಎಂದ. ಈ ಕಡೆ ಹೆಣ್ಣುಮಕ್ಕಳು ಪಾಲು ಬಿಟ್ಟುಕೊಟ್ಟಾಗ ಸಿಗುವ ದುಡ್ಡಿಗೆ ಅದೇ ಹೆಸರು. ಅರಿಶಿನ ಕುಂಕುಮಕ್ಕೆ ಅಷ್ಟು ಬೇಕಾಗಿಲ್ಲ, ಪಾಲು ಎನ್ನಲು ಅದು ಸಾಲುವುದಿಲ್ಲ. ಲಿಂಗಯ್ಯ ಬಚ್ಚಲಮನೆಗೆ ಟೈಲ್ಸ್ ಹಾಕಿಸೋಣ ಎಂದ. ಮಂಡ್ಯದಲ್ಲಿ ಕೆಲಸದಲ್ಲಿರುವ ಮಗಳು ಪ್ರಿಯಾಂಕ ಮಾತ್ರ, "ಅವ್ವ, ನಿಂಗೇನು ಬೇಕು?" ಎಂದು ಕೇಳಿದಳು. ಯಾರೂ ಹಾಗೆ ಕೇಳಿ ಅಭ್ಯಾಸವಿಲ್ಲದ್ದರಿಂದ ಉತ್ತರ ಕೊಡುವುದಕ್ಕೆ ಚಲುವಮ್ಮನಿಗೆ ಒಂದು ವಾರ ಬೇಕಾಯಿತು.

"ಸಮುದ್ರ ನೋಡ್ಬೇಕು ಕಣವ್ವ. ದಡದಲ್ಲಿ ನಿಂತ್ಕಂಡಲ್ಲ. ಮಧ್ಯಕ್ಕೋಗಿ."

ಟಿಕೆಟ್ ಬರೆಯುವಾಗ ಟ್ರಾವೆಲ್ಸ್ ಹುಡುಗಿ, "ಮನೆ ಯಜಮಾನರ ಹೆಸರು ಹೇಳಿ" ಎಂದಳು. ಕರೆಂಟು ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿ ನಿವೃತ್ತನಾದ ಲಿಂಗಯ್ಯ ಮೊದಲನೇ ಪ್ರಯಾಣಿಕನಾದ. ಚಲುವಮ್ಮ ಎರಡನೆಯವಳು.

ದಸರಾ ರಜೆಯಲ್ಲಿ ಹೊರಟರು. ಮೊದಲು ಕೊಚ್ಚಿಯವರೆಗೆ ಬಸ್ಸು, ಅಲ್ಲಿಂದ ಹಡಗು. ಬುತ್ತಿಯಿಲ್ಲದೆ ಊರು ಬಿಡುವ ರೂಢಿ ಆ ಮನೆಯಲ್ಲಿಲ್ಲ. ಬಸ್ಸಿನಲ್ಲಿ ಉಣ್ಣಲಿಕ್ಕೆಂದು ಹುಳಿಯನ್ನ, ನಾಟಿಕೋಳಿ ಹುರಿದದ್ದು ಕಟ್ಟಿದಳು. "ಇವತ್ತೇ ಉಂಡು ಮುಗಿಸ್ಬೇಕು" ಎಂದೂ ಹೇಳಿದಳು. ಲಿಂಗಯ್ಯ ಅರ್ಧ ಕೋಳಿ ತಿಂದು, ಉಳಿದರ್ಧವನ್ನು ಡಬ್ಬಿ ಸಮೇತ ಪಂಚೆಯಲ್ಲಿ ಸುತ್ತಿ ಚೀಲದ ತಳಕ್ಕೆ ಸೇರಿಸಿದ. ಹಡಗಿನವರು ಉಪ್ಪು ಖಾರ ಹಾಕುತ್ತಾರೋ ಇಲ್ಲವೋ ಎಂಬ ಭಯ ಅವನಿಗೆ. ಆ ಡಬ್ಬಿ ತಪಾಸಣೆಯವರ ಕಣ್ಣಿಗೆ ಬೀಳಲಿಲ್ಲ, ಹೆಂಡತಿಯ ಕಣ್ಣಿಗೂ ಬೀಳಲಿಲ್ಲ.

ಹಡಗು ಹೊರಟ ಸಂಜೆ ಅಂಚಿನ ಕಂಬಿಯ ಬಳಿ ಜನವೋ ಜನ. ನಾಳೆ ಬೆಳಿಗ್ಗೆ ನಿಧಾನವಾಗಿ ನೋಡಿದರಾಯಿತೆಂದು ಚಲುವಮ್ಮ ಹಿಂದೆ ಸರಿದಳು. ಊಟ ಸಪ್ಪೆ ಎಂದು ಗೊಣಗಿಕೊಂಡು ರೂಮಿಗೆ ಬಂದ ಲಿಂಗಯ್ಯ ಅವಳು ಸ್ನಾನಕ್ಕೆ ಹೋದಾಗ ಡಬ್ಬಿ ಬಿಚ್ಚಿದ. ಬೆಳಗಾಗುವುದರೊಳಗೆ ಅವನ ಹೊಟ್ಟೆ ಮೇಲಕ್ಕೂ ಕೆಳಕ್ಕೂ ಹರಿಯತೊಡಗಿತು.

ಹಡಗಿನ ನರ್ಸಮ್ಮ ಬಂದು ಮಾತ್ರೆ ಕೊಟ್ಟಳು, ನೀರಿಗೆ ಬೆರೆಸುವ ಪುಡಿ ಕೊಟ್ಟಳು. ವಾಂತಿ ಭೇದಿಯವರು ಹಡಗು ದಡ ಸೇರುವವರೆಗೆ ರೂಮು ಬಿಟ್ಟು ಬರುವಂತಿಲ್ಲ ಎಂದಳು. ಚಲುವಮ್ಮನ ಕಡೆ ತಿರುಗಿ, ನಿಮಗೇನೂ ಆಗಿಲ್ಲ, ಕೈ ತೊಳೆದುಕೊಂಡು ಎಲ್ಲಿ ಬೇಕಾದರೂ ಓಡಾಡಬಹುದು ಎಂದು ಸನ್ನೆಯಲ್ಲೇ ತಿಳಿಸಿದಳು.

ಓಡಾಡಿದಳು. ಬಾಗಿಲ ಹೊರಗೆ ಅವರಿಟ್ಟುಹೋಗುವ ಬ್ರೆಡ್ಡನ್ನು ಲಿಂಗಯ್ಯ ಮುಟ್ಟಲಿಲ್ಲವಾದ್ದರಿಂದ ಗಂಜಿಗೆಂದು ಊಟದ ಹಾಲಿಗೆ ಹೋದಳು. ಭಾಷೆ ಬಾರದ ಅಲ್ಲಿನ ಅಡುಗೆಯವನೊಬ್ಬ ಅವಳ ಕೈಸನ್ನೆ ನೋಡಿ, ಅನ್ನವನ್ನು ಇನ್ನಷ್ಟು ಬೇಯಿಸಿ ಕಿವುಚಿ ಕೊಟ್ಟ. ಮುಂದಿನ ಹೊತ್ತಿನಿಂದ ಕೇಳುವ ಮೊದಲೇ ತೆಗೆದಿಟ್ಟಿರುತ್ತಿದ್ದ. ಅಲ್ಲಿಂದ ಎಡಕ್ಕೆ ಹೋದರೆ ಸಮುದ್ರ, ಬಲಕ್ಕೆ ಹೋದರೆ ರೂಮು. ಪ್ರತಿ ಸಲವೂ ಬಲಕ್ಕೇ ತಿರುಗಿದಳು. ತಡವಾದರೆ, "ಎಲ್ಗೋಗಿದ್ದಮ್ಮಿ, ನನ್ನೊಬ್ನೇ ಬುಟ್ಟು?" ಎಂಬ ದನಿ ಕಾದಿರುತ್ತಿತ್ತು. ಅವರ ರೂಮಿಗೆ ಕಿಟಕಿಯಿರಲಿಲ್ಲ. ಟಿವಿಯ ಒಂದು ಚಾನೆಲ್ಲಿನಲ್ಲಿ ಹಡಗಿನ ಮುಂದಿನ ನೀರು ಕಾಣುತ್ತಿತ್ತು. ಬಕೆಟ್ಟು ತೊಳೆದಿಟ್ಟು ಅವಳು ಅದನ್ನು ನೋಡುತ್ತ ಕೂರುತ್ತಿದ್ದಳು. ಸಮುದ್ರವನ್ನು ಟಿವಿಯಲ್ಲಿ ನೋಡುವುದಾದರೆ ಹಲಗೂರೇ ಸಾಕಿತ್ತು.

ಹಿಂತಿರುಗಿದ ಮೇಲೆ ಲಿಂಗಯ್ಯನ ಒಂದು ಹೊಟ್ಟೆನೋವಿಗೆ ಎರಡು ಕತೆ ಹುಟ್ಟಿಕೊಂಡವು. ಅರಳಿಕಟ್ಟೆಯಲ್ಲಿ, "ಇವ್ಳು ಕಟ್ಟಿದ್ ಬುತ್ತಿ ಕಣ್ಲಾ ನನ್ನ ಕೆಡಿಸಿದ್ದು" ಎಂದ. ಕಂಪನಿಗೆ ಮಗಳ ಕೈಲಿ ಬರೆಸುವಾಗ, "ಹಡಗಿನ ಊಟದಿಂದ ಆರೋಗ್ಯ ಕೆಟ್ಟಿತು, ಪೂರ್ತಿ ಹಣ ವಾಪಸ್ ಕೊಡಿ" ಎಂದ. ಚೀಲ ಒಗೆಯುವಾಗ ಖಾಲಿ ಡಬ್ಬಿ ಕಂಡಿದ್ದ ಚಲುವಮ್ಮನಿಗೆ ಎರಡೂ ಸುಳ್ಳೆಂದು ಗೊತ್ತಿತ್ತು. ಆದರೂ ಅವಳು ಆಡಿದ್ದು ಒಂದೇ ಮಾತು: "ನನ್ ಪಾಲಿಂದು ಬೇರೆ ಬರಿಯವ್ವ. ನಂದೂ ಓಗ್ಯದೆ ಅಲ್ಲಿ."

ಉತ್ತರ ಬಂತು. ಪ್ರಿಯಾಂಕ ಫೋನಿನಲ್ಲಿ ಓದಿ ಹೇಳಿದಳು. ಮೊದಲನೇ ಪ್ರಯಾಣಿಕರು ರೂಮಿನಲ್ಲಿ ಉಳಿಯಬೇಕಾದ ದಿನಗಳಿಗೆ ನಿಯಮದ ಪ್ರಕಾರ ಹಣ ಬರಬಹುದು. ಊಟದ ದೂರಿನ ಬಗ್ಗೆ ಅಡುಗೆ ಸಿಬ್ಬಂದಿಯ ವಿಚಾರಣೆ ನಡೆಯಲಿದೆ. ಎರಡನೇ ಪ್ರಯಾಣಿಕರಿಗೆ ಕಾಯಿಲೆಯಿರಲಿಲ್ಲ, ಬಾಗಿಲು ತೆರೆಯುವ ಅವರ ಕಾರ್ಡಿನ ದಾಖಲೆ ನೋಡಿದರೆ ಹಲವು ಬಾರಿ ಹೊರಗೆ ಹೋಗಿಬಂದಿದ್ದಾರೆ, ಹಡಗಿನ ಸೌಲಭ್ಯಗಳನ್ನು ಅನುಭವಿಸಿದ್ದಾರೆ. ಆದ್ದರಿಂದ ಅವರಿಗೆ ಏನೂ ಇಲ್ಲ.

"ಅನುಭವಿಸಿದ್ದಾರೆ ಅಂತ್ಲೇ ಬರ್ದವ್ರಾ?" ಎಂದಳು ಚಲುವಮ್ಮ.

"ಹ್ಞೂಂ ಅವ್ವ."

"ಇನ್ನೊಬ್ರ್ಯಾರು? ವಿಚಾರ್ಣೆ ಅಂದ್ಯಲ್ಲ?"

"ಅಡುಗೆಯವರು."

ಅಡುಗೆಯವರ ವಿಚಾರಣೆಯ ಮಾತೇ ಅವಳನ್ನು ಹೆಚ್ಚು ಕೊರೆಯಿತು. ಮರುದಿನ ಶಾಲೆಯ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಜೊತೆಯವಳಾದ ರೂಪಳಿಗೆ ಹೇಳಿದಳು. ರೂಪ ಬಾಯಿ ಮುಚ್ಚಿಕೊಂಡಿರುವವಳಲ್ಲ.

"ಅಕ್ಕ, ಲಿಂಗಯ್ಯಣ್ಣಂಗೆ ಮಲಗಿದ್ದಕ್ಕೆ ದುಡ್ಡು, ನಿಂಗೆ ಎದ್ದೋಡಾಡಿದ್ದಕ್ಕೆ ಸೊನ್ನೆ. ನೀನೂ ಪಕ್ದಲ್ ಬಿದ್ಕಬೇಕಿತ್ತು."

"ನಾನ್ ಬಿದ್ಕಂಡಿದ್ರೆ ಬಕೆಟ್ ಎತ್ತೋರ್ಯಾರೇ?"

"ಅದೇ ನೋಡು. ಎತ್ತೋರು ಬೀಳಂಗಿಲ್ಲ, ಬೀಳೋರು ಎತ್ತಂಗಿಲ್ಲ" ಎಂದು ರೂಪ ನಕ್ಕಳು. ಆಮೇಲೆ ದನಿ ತಗ್ಗಿಸಿ, "ಆ ವರ್ಸ ನೆನ್ಪದಾ ಅಕ್ಕ?" ಎಂದಳು.

ಮರೆಯುವ ವಿಷಯವಲ್ಲ. ಒಂದು ವರ್ಷ ಶಾಲೆಯ ಕೆಲವು ಮಕ್ಕಳು ವಾಂತಿ ಮಾಡಿಕೊಂಡಿದ್ದವು. ಬಡಿಸುವ ಮುಂಚೆ ಚಲುವಮ್ಮ ಎಂದಿನಂತೆ ಉಂಡು ನೋಡಿದ್ದಳು, ಅವಳಿಗೇನೂ ಆಗಿರಲಿಲ್ಲ. ಆದರೂ ಎಲ್ಲರ ಕಣ್ಣು ಮೊದಲು ತಿರುಗಿದ್ದು ಅವಳ ಕಡೆಗೆ. ಗೇಟಿನ ಬಳಿ ಮಾರಿದ ಐಸ್‌ಕ್ಯಾಂಡಿಯ ದೆಸೆಯಿಂದ ಹಾಗಾಯಿತೆಂದು ಗೊತ್ತಾಗುವವರೆಗೆ ಅವಳು ಅಡುಗೆಮನೆಯ ಹೊರಗೆ, ಕಟ್ಟೆಯ ಮೇಲೆ ಕೂತಿದ್ದಳು. ತಪ್ಪು ಅವಳದಲ್ಲವೆಂದು ಆಮೇಲೆ ಯಾರೂ ಬಂದು ಹೇಳಲಿಲ್ಲ. ನಾಳೆಯಿಂದ ಬಾ ಎಂದರು, ಅಷ್ಟೇ.

ಗಂಜಿ ಕಿವುಚಿ ಕೊಟ್ಟವನು ಈಗ ಯಾವ ಕಟ್ಟೆಯ ಮೇಲೆ ಕೂತಿರಬಹುದು?

ಕಂಪನಿಯಿಂದ ಫೋನು ಬಂದಾಗ ಪ್ರಿಯಾಂಕ ಊರಿಗೆ ಬಂದಿದ್ದಳು. ಸ್ಪೀಕರ್ ಹಾಕಿ ನಡುಮನೆಯಲ್ಲಿಟ್ಟಳು. ಆ ಕಡೆ ಮಾತಾಡುತ್ತಿದ್ದವನದು ಕಲಿತ ಕನ್ನಡ, ಮೆತ್ತನೆಯ ದನಿ. ಲಿಂಗಯ್ಯ ಹಡಗಿನ ಮೀನಿನ ವಾಸನೆಯಿಂದ ಶುರುಮಾಡಿ ಅನ್ನದ ಬಿರುಸಿನವರೆಗೆ ದೂರಿದ. ಅದು ಮುಗಿದ ಮೇಲೆ ಚಲುವಮ್ಮ ಫೋನಿನ ಹತ್ತಿರ ಸರಿದಳು.

"ನಾನು ಎರಡ್ನೇ ಪ್ಯಾಸೆಂಜರ್ ಕಣಪ್ಪ."

"ಹೇಳಿ ಅಮ್ಮ. ನೀವು ಆರೋಗ್ಯವಾಗೇ ಇದ್ರಿ. ಹೊರಗೆಲ್ಲ ಓಡಾಡಿದೀರಿ ಅಂತ ಕಾರ್ಡಿನಲ್ಲಿದೆ."

"ಓಡಾಡಿದೀನಿ. ಗಂಜಿ ತರಾಕೆ, ಬಿಸ್ನೀರ್ ತರಾಕೆ, ಮಾಸಿದ್ ಟವಲ್ ಕೊಟ್ಟು ಬ್ಯಾರೇದು ಈಸ್ಕಳಾಕೆ. ವಾಪಸ್ ಯಾವಾಗ ಬಾಗ್ಲು ತೆಗ್ದೆ ಅಂತ್ಲೂ ಆ ಕಾರ್ಡು ಬರ್ಕಂಡಿರ್ಬೇಕಲ್ವಾ? ಅದ್ನೂ ನೋಡಪ್ಪ. ಗಂಜಿ ತಣ್ಣಗಾಗೋವಷ್ಟೊತ್ತು ಎಲ್ಲಾದ್ರೂ ನಿಂತಿದ್ರೆ ನಂಗೊಂದ್ ಪೈಸೆನೂ ಬ್ಯಾಡ."

ಆ ಕಡೆ ಕೀಲಿಮಣೆಯ ಸದ್ದಾಯಿತು. "ಆ ಕೆಲಸಕ್ಕೆಲ್ಲ ನಮ್ಮ ಸಿಬ್ಬಂದಿ ಇದ್ದರಲ್ಲ ಅಮ್ಮ?"

"ಇದ್ರು. ಬಾಗ್ಲತ್ರ ಇಟ್ಟೋಗೋರು. ವಾಂತಿ ಬಾಗ್ಲತ್ರ ಬತ್ತಿರ್ನಿಲ್ವಲ್ಲಪ್ಪ."

ಪ್ರಿಯಾಂಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಫೋನಿನಲ್ಲಿದ್ದವನು ಇನ್ನೊಂದು ಪ್ರಶ್ನೆ ಎಂದ. ಹೊರಗಿನಿಂದ ತಂದ ಊಟವೇನಾದರೂ ಅವರು ತಿಂದಿದ್ದರೇ? ಲಿಂಗಯ್ಯ ಕೈಯಾಡಿಸಿ ಬೇಡ ಬೇಡವೆಂದ. ಹೇಳಿದರೆ ಅವನ ದುಡ್ಡಿನ ಜೊತೆಗೆ ತನ್ನದೂ ಹೋಗಬಹುದೆಂಬುದು ಚಲುವಮ್ಮನಿಗೂ ತಿಳಿದಿತ್ತು. ಹೇಳದಿದ್ದರೆ ಹೆಸರೂ ಗೊತ್ತಿಲ್ಲದ ಒಬ್ಬನ ಕೆಲಸ ಹೋಗಬಹುದು.

"ಮನೆ ಕೋಳಿ ತಿಂದ್ರು ಕಣಪ್ಪ. ನಾನೇ ಹುರ್ದಿದ್ದು. ಅವತ್ತೇ ತಿಂದಿದ್ರೆ ಏನೂ ಆಯ್ತಿರ್ನಿಲ್ಲ, ಬಚ್ಚಿಟ್ಕಂಡು ತಿಂದ್ರು. ನಿಮ್ ಅಡ್ಗೆಯೋರ್ನ ಏನೂ ಕೇಳ್ಬ್ಯಾಡಿ."

ಫೋನು ಇಟ್ಟ ಮೇಲೆ ಲಿಂಗಯ್ಯ ಹಾರಾಡಿದ. "ಕಟ್ಕಂಡ್ ಗಂಡುನ್ನ ನೋಡ್ಕಂಡಿದ್ದಕ್ಕೂ ಲೆಕ್ಕ ಕೇಳ್ತೀಯಲ್ಲ, ಎಂಡ್ರಲ್ವಾ ನೀನು?"

"ಎಂಡ್ರೇ. ಅದ್ಕೇ ನೋಡ್ಕಂಡೆ. ನಾಳಿಕ್ಕೂ ನೋಡ್ಕತೀನಿ. ಆದ್ರೆ ಆವತ್ತು ನಾನು ಮಜಾ ಮಾಡ್ತಿದ್ದೆ ಅಂತ ಯಾರೂ ಬರಿಯಂಗಿಲ್ಲ."

ಮುಂದಿನ ಉತ್ತರಕ್ಕೆ ದೀಪಾವಳಿ ಕಳೆಯಬೇಕಾಯಿತು. ಅಡುಗೆಯವರ ವಿಚಾರಣೆ ನಿಂತಿತು. ಹೊರಗಿನ ಊಟ ತಂದದ್ದಕ್ಕಾಗಿ ಲಿಂಗಯ್ಯನಿಗೆ ಬರಬೇಕಾದ್ದೂ ನಿಂತಿತು. ಎರಡನೇ ಪ್ರಯಾಣಿಕರ ಹೊರಹೋಗುವ, ಒಳಬರುವ ಹೊತ್ತುಗಳನ್ನು ಮತ್ತೆ ಪರಿಶೀಲಿಸಲಾಗಿದೆ ಎಂದಿತ್ತು. ನಿಯಮದಲ್ಲಿ ಅವರಿಗೆ ಜಾಗವಿಲ್ಲ, ಆದರೂ ಕಂಪನಿ ಎರಡರಲ್ಲೊಂದು ಕೊಡುತ್ತದೆ. ಒಂದಿಷ್ಟು ಹಣ, ಅದು ಮೊದಲನೇ ಪ್ರಯಾಣಿಕರ ಖಾತೆಗೆ ಬರುತ್ತದೆ. ಇಲ್ಲವೇ ಎರಡನೇ ಪ್ರಯಾಣಿಕರ ಹೆಸರಿಗೇ ಇನ್ನೊಂದು ಪ್ರಯಾಣದ ಟಿಕೆಟ್, ಮಹಿಳೆಯರ ಗುಂಪಿನ ಜೊತೆಗೆ. ಅದನ್ನು ಬೇರೆಯವರಿಗೆ ಕೊಡುವಂತಿಲ್ಲ, ಮಾರುವಂತಿಲ್ಲ.

"ದುಡ್ಡೇ ಇಸ್ಕೊ. ಟೈಲ್ಸಾದ್ರೂ ಆಯ್ತದೆ" ಎಂದ ಲಿಂಗಯ್ಯ.

"ಟೈಲ್ಸ್ ಆಕಿದ್ರೆ ಉಜ್ಜೋರ್ಯಾರು?" ಎಂದಳು ಚಲುವಮ್ಮ. ಮಗಳ ಕಡೆ ತಿರುಗಿ, "ನನ್ ಎಸ್ರಿಗೇ ಬರ್ಸವ್ವ. ಸರಿಯಾಗ್ ಬರ್ದವ್ರಾ ನೋಡು" ಎಂದಳು.

ಬೇಸಿಗೆ ರಜೆಯಲ್ಲಿ ಹೊರಟಳು. ದಾರಿಯಲ್ಲಿ ಸಿಕ್ಕವರೆಲ್ಲ ಒಂದನ್ನೇ ಕೇಳಿದರು: ಲಿಂಗಯ್ಯನ ಊಟಕ್ಕೆ ಏನು ಮಾಡಿದ್ದೀಯೆ? ಸಮುದ್ರದ ವಿಷಯ ಒಬ್ಬರೂ ಎತ್ತಲಿಲ್ಲ. ಲಿಂಗಯ್ಯ ಬ್ಯಾಗು ಹಿಡಿದುಕೊಂಡು ಹಲಗೂರಿನ ಬಸ್‌ಸ್ಟಾಪಿನವರೆಗೆ ಬಂದ. ಬ್ಯಾಗು ಹಗುರವಾಗಿತ್ತು. ಅಲ್ಲಾಡಿಸಿ ನೋಡಿದ.

"ಬುತ್ತಿ ಕಟ್ಕಂಡಿಲ್ವಾ?"

"ಇಲ್ಲ. ಅಲ್ಲಿ ಮಾಡಾಕ್ತಾರೆ."

ಮಳವಳ್ಳಿಯ ಬಸ್ಸು ಬಂದು ನಿಂತಿತು. ಅವನು ಬ್ಯಾಗನ್ನು ಒಳಗೆ ದೂಡಿ, ಕಂಬಿ ಬಿಡದೆ ಅಲ್ಲೇ ನಿಂತ.

"ನಂಗೆ?"

"ರಾಗಿ ಇಟ್ಟು ಡಬ್ಬೀಲದೆ. ನೀರು ನಲ್ಲೀಲದೆ" ಎಂದಳು ಚಲುವಮ್ಮ. ಆಮೇಲೆ ಕಿಟಕಿಯ ಪಕ್ಕದ ಸೀಟು ಹುಡುಕಿಕೊಂಡು ಹೋಗಿ ಕೂತಳು.