ಮೂಲೆ ಬಾವುಟದ ಪಾರ್ಸೆಲ್

ಸತ್ಯ ಹೇಳುವುದಕ್ಕೆ ಮನುಷ್ಯ ಯಾವ ಕಾಲಕ್ಕೂ ಹೆದರಬಾರದು. ಇದನ್ನು ನಾನು ಬಹಳ ವರ್ಷ ಹೈಸ್ಕೂಲಿನ ಮಕ್ಕಳಿಗೆ ಕಲಿಸಿದ್ದೇನೆ, ಪರೀಕ್ಷೆಯಲ್ಲಿ ಅದಕ್ಕೆ ಎರಡು ಅಂಕವನ್ನೂ ಇಟ್ಟಿದ್ದೇನೆ. ನನ್ನ ಸ್ವಂತ ಕಪಾಟಿನ ಮೇಲೆ ಆರು ವರ್ಷ ಒಂದು ಪಾರ್ಸೆಲ್ ಅಡಗಿ ಕೂತದ್ದು ಬೇರೆ ವಿಷಯ.

ಕಳೆದ ತಿಂಗಳು ಮನೆಗೆ ಪೈಂಟ್ ಹೊಡೆಯಲು ಬಂದವರು ಅದನ್ನು ಕೆಳಗಿಳಿಸಿದರು. ಬಿಳಿ ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಒತ್ತಿದ ಕಟ್ಟು. ಧೂಳು ಕೊಡವಿದಾಗ ಹೊಲಿಗೆ ಮೆಷಿನಿನ ಎಣ್ಣೆಯ ವಾಸನೆ ಬಂತು... ಕುಂಬ್ರದ ಟೈಲರ್ ಕಾಕನ ಅಂಗಡಿಯ ವಾಸನೆ. ಕಾಕ ತೀರಿಕೊಂಡು ಐದು ವರ್ಷ ದಾಟಿದೆ. ಆದರೂ ಅವರೆಲ್ಲಿ ಒಳಗೆ ಬಂದುಬಿಡುತ್ತಾರೋ ಎಂದು ನಾನು ಬಾಗಿಲ ಕಡೆ ನೋಡಿದೆ.

ಕಾಕ ಪ್ರಾಯದಲ್ಲಿ ಗಲ್ಫಿನ ಒಂದು ಎಣ್ಣೆ ಕಂಪೆನಿಯ ಕ್ಯಾಂಪಿನಲ್ಲಿ ಬಟ್ಟೆ ಹೊಲಿಯುತ್ತಿದ್ದವರು. ಅಲ್ಲಿನ ಫೋರ್‌ಮನ್ ಇಂಗ್ಲೆಂಡಿನ ಯಾವುದೋ ಸಣ್ಣ ಪೇಟೆಯವರು. ತಮ್ಮ ಊರಿನ ಫುಟ್ಬಾಲ್ ಕ್ಲಬ್ಬಿನ ಒಂದು ಹಳೆಯ ಜೆರ್ಸಿಯನ್ನು ಅವರು ವಾರಕ್ಕೊಮ್ಮೆ ತೇಪೆಗೆ ತರುತ್ತಿದ್ದರಂತೆ. ಕೊನೆಗೆ ಜೆರ್ಸಿಯಲ್ಲಿ ಜೆರ್ಸಿಗಿಂತ ತೇಪೆಯೇ ಹೆಚ್ಚಾಯಿತು, ಇಬ್ಬರಿಗೂ ಸ್ನೇಹ ಗಟ್ಟಿಯಾಯಿತು. ಬೀಳ್ಕೊಡುವಾಗ ಫೋರ್‌ಮನ್ ಆ ಕ್ಲಬ್ಬಿನ ಚರಿತ್ರೆಯ ಪುಸ್ತಕವನ್ನು ಕಾಕನ ಕೈಯಲ್ಲಿಟ್ಟರು. ಕಾಕನಿಗೆ ಇಂಗ್ಲಿಷ್ ಓದಲು ಬಾರದು. ಹಾಗಾಗಿ ನಿವೃತ್ತ ಇಂಗ್ಲಿಷ್ ಮಾಷ್ಟ್ರ ಅಗತ್ಯ ಬಿತ್ತು.

ಮಧ್ಯಾಹ್ನದ ಹೊತ್ತು ಅಂಗಡಿಯ ಬೆಂಚಿನಲ್ಲಿ ಕೂತು ನಾನು ಆ ಮಹಾಚರಿತ್ರೆಯನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಚಪ್ಪಲಿ ಫ್ಯಾಕ್ಟರಿಯ ಕೆಲಸಗಾರರು ಚರ್ಚಿನ ಹಿಂದೆ ಕ್ಲಬ್ ಕಟ್ಟಿದ್ದು, ಬಿರುಗಾಳಿಗೆ ಗ್ಯಾಲರಿಯ ತಗಡಿನ ಮಾಡು ಹಾರಿ ಪಾದ್ರಿಗಳ ಕೋಳಿಗೂಡಿನ ಮೇಲೆ ಬಿದ್ದದ್ದು, ಯುದ್ಧಕಾಲದಲ್ಲಿ ಮೈದಾನದಲ್ಲಿ ಬಟಾಟೆ ಬೆಳೆದದ್ದು. ಒಮ್ಮೆ ಬಹಳ ದೊಡ್ಡ ತಂಡದ ಎದುರು ಒಂದೇ ಗೋಲಿನಿಂದ ಸೋತಿದ್ದರು. ಆ ಸೋಲಿಗೆ ಒಂದು ಇಡೀ ಅಧ್ಯಾಯ. ಆಟಗಾರರೆಲ್ಲ ವಾರವಿಡೀ ಬೇರೆ ಕೆಲಸದವರು, ಶನಿವಾರ ಆಡಿದ್ದಕ್ಕೆ ಕೈಗಿಷ್ಟು ಸಂಬಳ. ಗೋಲ್‌ಕೀಪರ್ ಮಾಂಸದಂಗಡಿಯವನು.

"ನಮ್ಮ ಕುಂಬ್ರದ ಗೋಲ್‌ಕೀಪರ್ ಸಹ ಮಾಂಸದಂಗಡಿಯವನೇ ಅಲ್ವಾ ಮಾಷ್ಟ್ರೆ," ಎಂದರು ಕಾಕ. "ಅವನ ಕೈಯಲ್ಲಿ ತಕ್ಕಡಿ ಬಿಟ್ಟು ಬೇರೆ ಎಂತದೂ ನಿಲ್ಲುದಿಲ್ಲ."

ಕೊನೆಯ ಅಧ್ಯಾಯವನ್ನು ಮಾತ್ರ ಅವರು ಓದಲು ಬಿಡಲಿಲ್ಲ. ಮೈದಾನ ಮಾರುವ ಮಾತುಕತೆ ನಡೆದಿದೆ ಎಂದು ಅದರ ಮೊದಲ ಸಾಲಿನಲ್ಲೇ ಇತ್ತು. "ಅದು ಬೇಡ. ಸುರುವಿಂದ ಓದಿ," ಎಂದರು. ಹಾಗೆ ಆ ಕ್ಲಬ್ ಕುಂಬ್ರದಲ್ಲಿ ನಾಲ್ಕು ಸಲ ಸ್ಥಾಪನೆಯಾಯಿತು.

ಕಾರಣವಿತ್ತು. ಫೋರ್‌ಮನ್ ಊರಿಗೆ ಮರಳಿದ ಮೇಲೆ ಕ್ಲಬ್ಬಿನ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸ ಹಿಡಿದಿದ್ದರು. ಹೆಂಡತಿ ಮಕ್ಕಳಿಲ್ಲ, ಇರುವುದು ಬಾಡಿಗೆ ಕೋಣೆಗಳಲ್ಲಿ, ಅದೂ ಆಗಾಗ ಬದಲು. ಕಾಕನಿಗೆ ಗೊತ್ತಿದ್ದ ವಿಳಾಸ ಮೈದಾನದ್ದು ಒಂದೇ. ಪ್ರತಿವರ್ಷ ಶಾಲಾ ಯೂನಿಫಾರ್ಮಿನ ಗಡಿಬಿಡಿ ಮುಗಿದೊಡನೆ ಕಾಕ ಮೈದಾನದ ನಾಲ್ಕು ಮೂಲೆಗೆ ನಾಲ್ಕು ಬಾವುಟ ಹೊಲಿದು ಆ ವಿಳಾಸಕ್ಕೆ ಕಳಿಸುತ್ತಿದ್ದರು. ಅರಶಿನ ಬಣ್ಣ, ಕಪ್ಪು ಅಂಚು, ಅಲ್ಲಿಯ ಗಾಳಿಗೆಂದು ಮೂರು ಸುತ್ತು ಹೊಲಿಗೆ. ಕೆಲವು ತಿಂಗಳ ನಂತರ ಒಂದು ಕಾರ್ಡು ಬರುತ್ತಿತ್ತು: ಬಾವುಟ ಮುಟ್ಟಿತು, ಗಾಳಿ ಜೋರು, ನಾವು ಸೋತೆವು. ಇಷ್ಟೇ. ಕಾಕ ಅದನ್ನು ನನ್ನಿಂದ ಮೂರು ಸಲ ಓದಿಸುತ್ತಿದ್ದರು.

ಆ ವರ್ಷ ಕಾರ್ಡಿನ ಬದಲು ಪಾರ್ಸೆಲ್ಲೇ ವಾಪಸು ಬಂತು.

ಪೋಸ್ಟ್‌ಮನ್ ಅದನ್ನು ಮೇಜಿನ ಮೇಲಿಟ್ಟು ಹೋದ. ಕಾಕ ಅದನ್ನು ಮುಟ್ಟಲಿಲ್ಲ. ಬಟ್ಟೆ ಅಳೆಯುವ ಕೋಲಿನಿಂದ ನನ್ನ ಕಡೆ ಮೆಲ್ಲ ನೂಕಿದರು, ಹಾವನ್ನು ನೂಕಿದ ಹಾಗೆ.

"ಎಂತ ಬರೆದಿದ್ದಾರೆ, ಓದಿ."

ಮೇಲೆ ಒಂದು ಕೆಂಪು ಚೀಟಿ, ವಾಪಸಿನ ಕಾರಣಗಳ ಪಟ್ಟಿ. 'ವಿಳಾಸದಲ್ಲಿ ಈಗ ಇಲ್ಲ' ಎಂಬುದರ ಎದುರು ಒಂದು ಗೀಟು. ನಾನು ತಲೆಯೆತ್ತಿದೆ. ಕಾಕ ನನ್ನ ಬಾಯನ್ನೇ ನೋಡುತ್ತಿದ್ದರು. ಎರಡು ತಿಂಗಳ ಹಿಂದಷ್ಟೇ ಮಂಗಳೂರಿನಲ್ಲಿ ಅವರು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದರು.

"ಪಿನ್ ಕೋಡ್ ತಪ್ಪಂತೆ," ಎಂದೆ. "ಸರಿ ಮಾಡಿ ನಾನೇ ಪುತ್ತೂರಿನಿಂದ ಕಳಿಸ್ತೇನೆ."

ಕಾಕ ಉಸಿರು ಬಿಟ್ಟರು. ನಾನು ಪಾರ್ಸೆಲನ್ನು ಕಂಕುಳಲ್ಲಿ ಅದುಮಿಕೊಂಡು ಮನೆಗೆ ಬಂದವನು ಅದನ್ನು ತಿರುಗಿಸಿಯೂ ನೋಡದೆ ಕಪಾಟಿನ ಮೇಲೆ ತಳ್ಳಿದೆ. ಕ್ಲಬ್ ಏನಾಯಿತೆಂದು ಫೋನಿನಲ್ಲಿ ಹುಡುಕಬಹುದಿತ್ತು. ಹುಡುಕಲಿಲ್ಲ. ಗೊತ್ತಾದರೆ ಹೇಳಬೇಕಾಗುತ್ತದಲ್ಲ...

ಸುಳ್ಳು ಹೇಳುವುದು ಒಂದು ನಿಮಿಷದ ಕೆಲಸ. ಅದಕ್ಕೆ ಕಾವಲು ಕೂರುವುದು ಪೂರ್ಣಾವಧಿ ಉದ್ಯೋಗ, ಪಿಂಚಣಿಯೂ ಇಲ್ಲ. ಪೋಸ್ಟ್‌ಮನ್‌ನ ಬೈಕಿನ ಸದ್ದಿಗೆ ಎದೆ ಹಾರುತ್ತಿತ್ತು. ಕಾಕನ ಅಂಗಡಿ ತಪ್ಪಿಸಲು ಮೀನು ಮಾರ್ಕೆಟ್ಟಿನ ಹಿಂದಿನಿಂದ ಸುತ್ತಿ ಹೋಗತೊಡಗಿದೆ. ಮೀನು ತಿನ್ನದವನು ದಿನಾ ಅಲ್ಲಿ ಓಡಾಡುವುದನ್ನು ಊರು ಗಮನಿಸಿತು.

ಡಿಸೆಂಬರಿನಲ್ಲಿ ಕಾಕನೇ ಮನೆಗೆ ಬಂದರು, ಮೊಮ್ಮಗಳ ಮದುವೆಯ ಕಾಗದ ಕೊಡಲು. ಕೂತದ್ದು ಸರಿಯಾಗಿ ಆ ಕಪಾಟಿನ ಬುಡದಲ್ಲಿ. ಬಿಳಿ ಬಟ್ಟೆಯ ಒಂದು ಮೂಲೆ ಅವರ ಟೊಪ್ಪಿಯ ಮೇಲೆಯೇ ಇಣುಕುತ್ತಿತ್ತು. ನನ್ನವಳು ಒಳಗಿನಿಂದ ಬಂದು, "ಕಪಾಟಿನ ಮೇಲಿಂದ ಆ ದೊಡ್ಡ ತಟ್ಟೆ ಒಂಚೂರು ತೆಗೀರಿ, ಕಾಕನಿಗೆ ಹಣ್ಣು ಕೊಯ್ದಿಟ್ಟಿದ್ದೇನೆ," ಎಂದಳು.

"ಬೇಡ," ಎಂದೆ. ಆ ಸ್ವರವನ್ನು ಅವಳು ಮದುವೆಯಾದಂದಿನಿಂದ ಕೇಳಿರಲಿಲ್ಲ. ಕಾಕ ನನ್ನ ಮುಖ ನೋಡಿದರು.

ಅವಳು ಒಳಗೆ ಹೋದ ಮೇಲೆ ಮೆಲ್ಲ ಹೇಳಿದರು: "ಕಾರ್ಡು ಬರ್ಲಿಲ್ಲ ಮಾಷ್ಟ್ರೆ. ಅವ ತೀರಿಹೋಗಿದ್ರೆ ಅದು ದೇವರು ಬರೆದದ್ದು, ನಾನು ತಡ್ಕೊಳ್ತೇನೆ. ನಂಗೆ ಹೆದ್ರಿಕೆ ಬೇರೆ ಉಂಟು."

"ಎಂತದು?"

"ಅವ ಇದ್ದು, ಬಾವುಟ ಬರ್ಲಿಲ್ಲ, 'ಟೈಲರ್ ನನ್ನನ್ನು ಮರೆತ' ಅಂತ ಗ್ರಹಿಸಿದ್ರೆ?"

ನಾನು ಕೈಯೆತ್ತಿದರೆ ಪಾರ್ಸೆಲ್ ಸಿಗುತ್ತಿತ್ತು. "ಮುಟ್ಟಿರಬಹುದು ಕಾಕ," ಎಂದೆ.

ಅವರು ತಲೆಯಾಡಿಸಿದರು, ನಂಬಿದ ಹಾಗೆಯೂ ಅಲ್ಲ, ನಂಬದ ಹಾಗೆಯೂ ಅಲ್ಲ... ಮದುವೆಗೆ ಹೋದೆ, ಊಟ ಮಾಡಿದೆ, ಅವರ ಕಣ್ಣು ತಪ್ಪಿಸಿ ಬಂದೆ. ಮಾರ್ಚಿನಲ್ಲಿ ಕಾಕ ಮೆಷಿನಿನ ಮೇಲೆಯೇ ಒರಗಿದರು. ಅವರಿಲ್ಲದ ಮೇಲಾದರೂ ನನ್ನ ಹೆದರಿಕೆ ಹೋಗಬೇಕಿತ್ತು. ಹೋಗಲಿಲ್ಲ. ಯಾಕೆಂದು ತಿಳಿಯಲು ಪೈಂಟಿನವರು ಬರಬೇಕಾಯಿತು.

ಪಾರ್ಸೆಲನ್ನು ಅಂದೇ ಮೊದಲ ಬಾರಿಗೆ ತಿರುಗಿಸಿದೆ. ಹಿಂಬದಿಯ ಬಟ್ಟೆಯ ಮೇಲೆ ಯಾರೋ ಪುಣ್ಯಾತ್ಮರು ಬಾಲ್‌ಪೆನ್ನಿನಲ್ಲಿ ಎರಡು ಸಾಲು ಬರೆದಿದ್ದರು. ಮೈದಾನ ಮಾರಾಟವಾಗಿದೆ, ಕ್ಲಬ್ ಪಕ್ಕದ ಊರಿನ ಮೈದಾನದಲ್ಲಿ ಆಡುತ್ತಿದೆ. ಕೆಳಗೆ ಹೊಸ ವಿಳಾಸ, ಪಿನ್ ಕೋಡ್ ಸಮೇತ.

ಆ ವಿಳಾಸಕ್ಕೆ ಕಾಗದ ಬರೆದೆ. ಎಲ್ಲವನ್ನೂ ಬರೆದೆ, ನನ್ನ ಸುಳ್ಳನ್ನೂ. ಕ್ಲಬ್ಬಿನ ಕಾರ್ಯದರ್ಶಿ ಸಭ್ಯವಾಗಿ ಉತ್ತರಿಸಿದ್ದಾರೆ. ಗೇಟಿನ ನಮ್ಮ ಫೋರ್‌ಮನ್ ಹೊಸ ಮೈದಾನಕ್ಕೂ ಬಂದಿದ್ದರಂತೆ. ಪ್ರತಿ ಆಗಸ್ಟಿನಲ್ಲಿ ಆಫೀಸಿಗೆ ಬಂದು ಇಂಡಿಯಾದಿಂದ ಏನಾದರೂ ಬಂತೇ ಎಂದು ಕೇಳಿ ಹೋಗುತ್ತಿದ್ದರಂತೆ.

ಕಾಕ ಹೋದ ಮೇಲೆ ಅವರು ಇನ್ನೂ ಮೂರು ವರ್ಷ ಬದುಕಿದ್ದರು.